ಸುಣ್ಣದಡಿಯ ನೀಲಿ

ಮಾರ್ಚ್ ೧, ೧೯೬೪, ಭಾನುವಾರ

ಪಾದ್ರಿ ದೋನ್ ಕಾರ್ಮೆಲೊ ಇವತ್ತು ನನ್ನನ್ನು ಪಾಪನಿವೇದನೆಯಿಂದ ಎಬ್ಬಿಸಿ ಕಳಿಸಿದರು. ನಾನು ಓಡಿಸುವ ಬಸ್ಸಿನ ಬ್ರೇಕು, ಹೆಂಡತಿ ನಿನ್ಫಾಳ ಕೆಮ್ಮು, ಚಳಿಗಾಲದ ಮಳೆಗೆ ಕುಸಿದ ರಸ್ತೆ, ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ನನ್ನ ಹಿಂದೆ ಆರು ಜನ ಮುದುಕಿಯರು ಸಾಲು ನಿಂತಿದ್ದರು. "ಲಿಲ್ಲೊ, ಇದ್ಯಾವುದೂ ಪಾಪ ಅಲ್ಲಪ್ಪ, ಬರೀ ಚಿಂತೆ. ಚಿಂತೆಗೆ ನನ್ನ ಹತ್ರ ಮದ್ದಿಲ್ಲ. ಒಂದು ಪುಸ್ತಕ ತಗೊಂಡು ಅದರಲ್ಲಿ ಬರಿ. ಪಾಪ ಮಾಡಿದಾಗ ಮಾತ್ರ ಇಲ್ಲಿಗೆ ಬಾ," ಅಂದರು. ಮುದುಕಿಯರೆಲ್ಲ ನಕ್ಕರು. ಒಬ್ಬಳಂತೂ ಜಪಮಾಲೆ ಕೈಯಿಂದ ಜಾರುವಷ್ಟು ನಕ್ಕಳು.

ಅದಕ್ಕೇ ಈ ಪುಸ್ತಕ. ಬಸ್ಸಿನ ಹಾಜರಿ ಬರೆಯುವುದು, ಅರ್ಧ ಖಾಲಿ ಉಳಿದಿತ್ತು. ಮೂರನೇ ಕ್ಲಾಸು ಮುಗಿಸಿದವನು ನಾನು. ನಾಲ್ಕರಲ್ಲಿ ಒಂದೂವರೆ ತಿಂಗಳು ಕೂತಿದ್ದೆ, ಅಷ್ಟರಲ್ಲಿ ಅಪ್ಪ ಸತ್ತ. ತಪ್ಪಿದ್ದರೆ ಇರಲಿ, ಯಾರು ಓದಬೇಕು.

ಇವತ್ತಿನ ಚಿಂತೆ: ಒಂದು, ಮದೊನ್ನಾ ತಿರುವಿನ ಹತ್ತಿರ ಕುಸಿದ ಹಳೆಯ ಗೋಡೆ. ಅದರ ಮೇಲೇ ನನ್ನ ನೀಲಿ ಗುರುತು ಇದ್ದದ್ದು. ಎರಡು, ಗುಡ್ಡದ ಕಾರು ಓಟಕ್ಕೆ ಇನ್ನು ಹತ್ತೇ ವಾರ. ಮೂರು, ಗೆಳೆಯ ನೋಫ್ರಿಯೊ ಎಂಟು ದಿನದಿಂದ ಬಸ್ಸು ಹತ್ತಿಲ್ಲ.

ಮಾರ್ಚ್ ೮, ಭಾನುವಾರ

ಗೊತ್ತಾಯಿತು ಯಾಕೆ ಹತ್ತಲಿಲ್ಲ ಅಂತ.

ನೋಫ್ರಿಯೊನ ಗ್ಯಾರೇಜಿಗೆ ನಾನೇ ಹೋದೆ. ನಾವು ಓಟಕ್ಕೆ ಓಡಿಸುವ ಪುಟ್ಟ ಕೆಂಪು ಕಾರು ಹೊಟ್ಟೆ ಬಗೆದು ನಿಂತಿತ್ತು. ಒಳಗೆ ಹೊಸ ಎಂಜಿನ್ನು. ಎಲ್ಲಿಂದ ಬಂತು ಅಂದೆ. ಅವನು ಕೈ ಒರೆಸಿಕೊಂಡ, ಮತ್ತೆ ಒರೆಸಿಕೊಂಡ, ಒರೆಸಿದ ಕೈಯನ್ನೇ ಮೂರನೇ ಸಲ ಒರೆಸಿದ.

"ಕುಂಪಾ, ಕೋಪ ಮಾಡ್ಕೋಬೇಡ. ಪಲೆರ್ಮೊದಲ್ಲಿ ಔಷಧಿ ಅಂಗಡಿಯೋರ ಮಗ ಒಬ್ಬ ಇದ್ದಾನೆ, ಕೊರಾದಿನೊ ಅಂತ. ಎಂಜಿನ್ ಅವರಪ್ಪ ಕೊಡಿಸಿದ್ದು. ಹುಡುಗನ ಕೈ ಚೆನ್ನಾಗಿದೆ. ಈ ವರ್ಷ ಎರಡನೇ ಚಾಲಕ ಅವನೇ."

ನಾನು ನಗುವುದಕ್ಕೆ ನೋಡಿದೆ. ನಾಲ್ಕು ವರ್ಷ ಆ ಕಾರಿನಲ್ಲಿ ಎರಡನೇ ಚಾಲಕ ನಾನು, ನೋಫ್ರಿಯೊ ಇಳಿದ ಮೇಲೆ ಉಳಿದ ಸುತ್ತು ಓಡಿಸುವವನು. ಅವನ ಮಗಳಿಗೆ ಜ್ಞಾನಸ್ನಾನ ಮಾಡಿಸುವಾಗ ಮಗುವನ್ನು ಎತ್ತಿಕೊಂಡವನು ನಾನು, ಆ ಸಂಬಂಧದಿಂದಲೇ ನಾವು ಒಬ್ಬರಿಗೊಬ್ಬರು ಕುಂಪಾ. ಗುಡ್ಡ ಸುತ್ತುವ ಈ ರಸ್ತೆಯ ಒಂದೊಂದು ತಿರುವನ್ನೂ ದಿನಕ್ಕೆರಡು ಸಲ ಬಸ್ಸಿನಲ್ಲಿ ಸವರಿಕೊಂಡು ಬರುವವನು ನಾನು.

"ನಾನು ನಿಧಾನ ಅಂತ ತಾನೆ?" ಅಂದೆ.

"ನೀನು ನೆರಳಿಗೂ ಬ್ರೇಕ್ ಹಾಕೋನು ಕುಂಪಾ," ಅಂದ ನೋಫ್ರಿಯೊ. ಪ್ರೀತಿಯಿಂದಲೇ ಅಂದ, ಅದೇ ಹೆಚ್ಚು ಉರಿಯಿತು. "ಆದ್ರೆ ಗುರುತು ಮಾತ್ರ ನೀನೇ ಹಾಕ್ಬೇಕು. ನಿನ್ನ ನೀಲಿ ಇಲ್ದೆ ನಾವು ಕುರುಡರು."

ನಾವು ಅಂತೆ. ಆಗಲೇ ನಾವು.

ಇವತ್ತಿನ ಚಿಂತೆ: ಬೇರೆ ಎಲ್ಲ ಮರೆತೆ.

ಮಾರ್ಚ್ ೧೯, ಗುರುವಾರ. ಸಂತ ಜೋಸೆಫರ ಹಬ್ಬ

ಅವನನ್ನು ನೋಡಿದೆ. ಇಪ್ಪತ್ತೆರಡು ವರ್ಷ ಇರಬಹುದು. ಕಿವಿ ದೊಡ್ಡದು. ಕಾಲಿಗೆ ಮೆತ್ತನೆಯ ಹಳದಿ ಚರ್ಮದ ಬೂಟು, ಪಾದದ ಅಡಿಗೆ ಪೆಡಲು ಗೊತ್ತಾಗಬೇಕಂತೆ. ನೋಫ್ರಿಯೊನ ತಾಯಿ ಪಿದ್ದಾತಾಯಿ ಹಬ್ಬಕ್ಕೆ ಕರಿದ ಸಿಹಿ ಮಾಡಿದ್ದಳು. ಮೊದಲನೆಯದು ಅವನ ಕೈಗೆ ಹೋಯಿತು. ಅತಿಥಿ, ಸರಿ. ಎರಡನೆಯದೂ ಅವನಿಗೇ ಹೋಯಿತು.

"ಎಷ್ಟು ಸಣ್ಣಗಿದ್ದೀಯೋ ಮಗನೇ, ನಿಮ್ಮಪ್ಪ ಮಾತ್ರೆ ಮಾರಿ ಮಾರಿ ನಿನಗೂ ಮಾತ್ರೇನೇ ಹಾಕ್ತಾನಾ?" ಅಂದಳು. ಮನೆ ತುಂಬ ನಗು. ಅವನೂ ನಕ್ಕ, ಸಕ್ಕರೆ ಅಂಟಿದ ತುಟಿಯಲ್ಲಿ.

ನನ್ನನ್ನು ನೋಡಿ ಎದ್ದು ನಿಂತ. "ಮಾಸ್ತ್ರು ಲಿಲ್ಲೊ ನೀವೇ ಅಲ್ವಾ? ನಿಮ್ಮ ಬಗ್ಗೆ ಎಷ್ಟು ಹೇಳಿದ್ದಾರೆ." ಮಾಸ್ತ್ರು ಅಂತೆ. ನಾನೇನು ಬಡಗಿಯೇ, ಗಾರೆಯವನೇ? ನಿನ್ಫಾ ದಾರಿಯಲ್ಲಿ, "ಪಾಪ, ಮರ್ಯಾದೆಯ ಹುಡುಗ," ಅಂದಳು. ಮರ್ಯಾದೆ ಕೊಟ್ಟು ಸೀಟು ಕಿತ್ತುಕೊಳ್ಳುವುದು ಯಾವ ಊರಿನ ಪದ್ಧತಿ ಅಂತ ಕೇಳಿದೆ.

ಏಪ್ರಿಲ್ ೨, ಗುರುವಾರ

ಗುರುತು ಹಾಕಲು ಶುರು ಮಾಡಿದೆ. ಬೆಳಗಿನ ಬಸ್ಸು ಮುಗಿಸಿ, ಸೀಟಿನ ಕೆಳಗಿನ ಬಣ್ಣದ ಡಬ್ಬಿ ತೆಗೆದುಕೊಂಡು, ಸೈಕಲ್ಲಿನಲ್ಲಿ. ಈ ಗುಡ್ಡದಲ್ಲಿ ಪ್ರತಿ ತಂಡಕ್ಕೂ ಒಂದೊಂದು ಬಣ್ಣ. ಚೆಫಲೂದವರದು ಹಳದಿ, ಅಣ್ಣತಮ್ಮಂದಿರ ಒಂದು ತಂಡದ್ದು ಬಿಳಿ ಶಿಲುಬೆ, ನಮ್ಮೂರು ರೊಕ್ಕಸ್ಪೀನಾದ್ದು ನೀಲಿ. ತಿರುವಿಗೆ ಮುಂಚೆ ಗೋಡೆಯ ಮೇಲೋ ಬಂಡೆಯ ಮೇಲೋ ಅಂಗೈಯಷ್ಟು. ಗುರುತು ಕಂಡಕೂಡಲೇ ಬ್ರೇಕು.

ಮದೊನ್ನಾ ತಿರುವಿಗೆ ತುಂಬ ಹೊತ್ತು ಬೇಕಾಯಿತು. ಮುಕ್ಕಾಲು ಕಿಲೋಮೀಟರು ನೇರ ಇಳಿಜಾರು, ಎಡಗಡೆ ಮೇರಿ ಮಾತೆಯ ಗುಡಿಗೂಡು, ಅದರಾಚೆ ರಸ್ತೆಯೇ ಕಾಣದು. ಬಾಗಿಲು ಮುಚ್ಚಿದ ಹಾಗೆ ಬಲಕ್ಕೆ ಮುರಿಯುತ್ತದೆ. ಕೆಳಗೆ ಹಳ್ಳ. ಹಳೆಯ ಗೋಡೆ ಕುಸಿದದ್ದರಿಂದ ಗುಡಿಗೂಡಿಗೆ ಸೇರಿದ ಗಿಡ್ಡ ಗೋಡೆಯ ಮೇಲೆ ಹಾಕಿದೆ, ಗೂಡಿಗಿಂತ ಅರವತ್ತು ಹೆಜ್ಜೆ ಹಿಂದೆ. ಆಮೇಲೆ ಆ ಹುಡುಗ ನನಗಿಂತ ಜೋರು ಬರುತ್ತಾನಲ್ಲ ಅಂತ ಇನ್ನೂ ಹತ್ತು ಹೆಜ್ಜೆ ಹಿಂದಕ್ಕೆ ತಂದೆ. ಮೊದಲಿನದನ್ನು ಕೆರೆದು ತೆಗೆದೆ, ಉಗುರು ಕಿತ್ತುಬಂತು.

ನನ್ನ ಸೀಟಿನಲ್ಲಿ ಕೂರುವವನಿಗೆ ನಾನು ಹತ್ತು ಹೆಜ್ಜೆ ಎಣಿಸಿಕೊಡಬೇಕು. ನೋಡಿ ನನ್ನ ಹಣೆಬರಹ.

ಇವತ್ತಿನ ಚಿಂತೆ: ಹತ್ತು ಹೆಜ್ಜೆ ಸಾಕೋ, ಹನ್ನೆರಡು ಬೇಕೋ. ನಾಳೆ ಇನ್ನೊಮ್ಮೆ ನೋಡಬೇಕು.

ಏಪ್ರಿಲ್ ೧೬, ಗುರುವಾರ

ಕೊರಾದಿನೊ ಬೆಳಗಿನ ಬಸ್ಸಿಗೆ ಬಂದ. ಮೊದಲ ಸಾಲಿನಲ್ಲಿ, ಬಾಗಿಲ ಹತ್ತಿರದ ಸೀಟಿನಲ್ಲಿ ಕೂತ. ಅದು ನೋಫ್ರಿಯೊನ ಸೀಟು. ಹದಿನೈದು ವರ್ಷದಿಂದ ಅವನು ಅಲ್ಲೇ ಕೂತು ನನ್ನ ಡ್ರೈವಿಂಗನ್ನು ಗೇಲಿ ಮಾಡುತ್ತಾನೆ, ಟಿಕೆಟ್ಟು ನಾನು ಕೇಳುವುದಿಲ್ಲ, ಅವನು ಕೊಡುವುದಿಲ್ಲ. "ಈ ಬಸ್ಸಿಗೆ ನಾನೇ ಅರ್ಧ ಎಂಜಿನ್ನು," ಅನ್ನುತ್ತಾನೆ.

ಹುಡುಗ ಟಿಕೆಟ್ಟು ತೆಗೆದುಕೊಂಡ. ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಪ್ರತಿ ನೀಲಿಗೂ ಒಂದು ಗೀಟು ಹಾಕಿದ. ಮೊಟ್ಟೆ ಮಾರುವ ಸಾಂತಾ, "ಏನಪ್ಪಾ, ಗೋಡೆ ಕೊಂಡ್ಕೊಳ್ಳೋಕೆ ಬಂದಿದ್ದೀಯಾ?" ಅಂತ ಕೇಳಿದಳು.

"ಇಲ್ಲಮ್ಮ, ಪಾಠ ಕಲಿಯೋಕೆ," ಅಂದ. ಆಮೇಲೆ ನನ್ನ ಕಡೆ ಬಗ್ಗಿ, "ಮಾಸ್ತ್ರು, ನಿಜ ಹೇಳ್ಲಾ? ಈ ರಸ್ತೆ ನನ್ನ ತಲೇಲಿ ನಿಲ್ತಾನೇ ಇಲ್ಲ. ನಾನು ರಸ್ತೆ ನೋಡೋದೇ ಬಿಟ್ಟಿದ್ದೀನಿ. ನಿಮ್ಮ ನೀಲಿ ಕಾಣೋವರೆಗೂ ಆಕ್ಸಿಲರೇಟರಿಂದ ಕಾಲು ಎತ್ತಲ್ಲ. ನೋಫ್ರಿಯೊ ಅಣ್ಣ ಹೇಳ್ತಾರೆ, ಲಿಲ್ಲೊ ಹಾಕಿದ ಗುರುತು ಸುವಾರ್ತೆ ಇದ್ದ ಹಾಗೆ ಅಂತ."

ಹೊಗಳಿಕೆ. ಪಟ್ಟಣದವರಿಗೆ ಇದು ಚೆನ್ನಾಗಿ ಬರುತ್ತದೆ. ರಸ್ತೆ ತಲೆಯಲ್ಲಿ ನಿಲ್ಲದವನನ್ನು ಕಾರಿನಲ್ಲಿ ಕೂರಿಸಿದ್ದಾನೆ ನೋಫ್ರಿಯೊ, ಅದು ಬರೆದಿಡಬೇಕಾದ ಮಾತು.

ಅಣ್ಣ ಅಂತೆ.

ಏಪ್ರಿಲ್ ೧೭, ಶುಕ್ರವಾರ

ನೋಫ್ರಿಯೊ, ಹುಡುಗ ಇಬ್ಬರೂ ಒಂದೇ ಮೋಟಾರ್ ಸೈಕಲ್ಲಿನಲ್ಲಿ ಬಸ್ಸನ್ನು ದಾಟಿ ಹೋದರು. ಕೈ ಬೀಸಿದರು. ನಾನು ಹಾರ್ನ್ ಮಾಡಲಿಲ್ಲ.

ಮೇ ೮, ಶುಕ್ರವಾರ

ಇವತ್ತು ರಸ್ತೆ ಮುಚ್ಚಿ ಅಭ್ಯಾಸ ಓಡಿಸಿದರು. ನೋಫ್ರಿಯೊ ಎರಡು ಸುತ್ತು, ಹುಡುಗ ಎರಡು. ಹುಡುಗ ನನ್ನ ಹೋದ ವರ್ಷದ ಸುತ್ತಿಗಿಂತ ಮೂರು ನಿಮಿಷ ಬೇಗ ಬಂದ. ಮೂರು ನಿಮಿಷ. ಗಡಿಯಾರ ಕೆಟ್ಟಿರಬಹುದು ಅಂದುಕೊಂಡೆ. ಕೆಟ್ಟಿರಲಿಲ್ಲ.

ಕ್ಷೌರಿಕ ಜಾಕಿನೊ ಎಲ್ಲರೆದುರೇ, "ಲಿಲ್ಲೊ, ನೀನು ಈ ವರ್ಷ ಓಡಿಸಿದ್ರೆ ಇಷ್ಟೊತ್ತಿಗೆ ಇನ್ನೂ ಹೋದ ವರ್ಷದ ಓಟ ನಡೀತಿರ್ತಿತ್ತು," ಅಂದ. ನೋಫ್ರಿಯೊ ಗದರಿಸಿದ. ಗದರಿಸುವ ಮುಂಚೆ ನಕ್ಕ, ನಾನು ನೋಡಿದೆ.

ನನ್ನ ಕೆಲಸ ಏನೆಂದರೆ ಊರ ಹೊರಗೆ ಕಾರಂಜಿಯ ಹತ್ತಿರ ಹಲಗೆ ಹಿಡಿದು ನಿಲ್ಲುವುದು. ಹಿಂದಿನ ಕಾರು ಎಷ್ಟು ಸೆಕೆಂಡು ಹಿಂದಿದೆ ಅಂತ ಸೀಮೆಸುಣ್ಣದಲ್ಲಿ ಬರೆದು ತೋರಿಸುವುದು.

ಮೇ ೯, ಶನಿವಾರ

ನಾಳೆ ಓಟ. ಊರಿಡೀ ಹೊರಗಿನ ಜನ. ಬಸ್ಸಿನ ಛಾವಣಿಯ ಮೇಲೂ ಜನ, ಅವರಿಗೆ ಕೊಂಬೆ ಬಡಿಯುತ್ತದೆ ಅಂತ ಇಡೀ ದಾರಿ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ.

ಸಂಜೆ ನಿನ್ಫಾ ಕೈಕಾಲೆಲ್ಲ ಬಿಳಿ ಮಾಡಿಕೊಂಡು ಬಂದಳು. ಓಟದ ಹಿಂದಿನ ದಿನ ಹೆಂಗಸರು ಮದೊನ್ನಾ ಗುಡಿಗೂಡಿಗೆ ಸುಣ್ಣ ಬಳಿಯುತ್ತಾರೆ, ಈ ವರ್ಷ ನಮ್ಮ ಬೀದಿಯ ಸರದಿ. "ಕೇಳಿಲ್ಲಿ, ಸುಣ್ಣ ಮಿಕ್ಕಿತ್ತು ಅಂತ ಆ ಗಿಡ್ಡ ಗೋಡೆಗೂ ಬಳಿದ್ಬಿಟ್ವು. ನಿನ್ನ ನೀಲಿ ಅದರಡೀಲಿ ಹೋಯ್ತು. ನೋಡೋ ಅಷ್ಟರಲ್ಲಿ ಸಾಂತಾ ಬ್ರಷ್ ಎಳೆದುಬಿಟ್ಟಿದ್ಲು. ಬೆಳಿಗ್ಗೆ ಒಣಗಿರತ್ತೆ, ಹೋಗಿ ಒಂದು ಕೈ ಹಾಕಿ ಬಾ," ಅಂದಳು.

ರಸ್ತೆ ಮುಚ್ಚುವುದು ಬೆಳಿಗ್ಗೆ ಐದಕ್ಕೆ. ನಾಲ್ಕಕ್ಕೆ ಎದ್ದರೆ ಸೈಕಲ್ಲಿನಲ್ಲಿ ಹತ್ತು ನಿಮಿಷ. ಡಬ್ಬಿ ತಂದು ಬಾಗಿಲ ಹತ್ತಿರ ಇಟ್ಟಿದ್ದೇನೆ, ಎಡವಿದರೂ ನೆನಪಾಗುವ ಹಾಗೆ.

ಈಗ ಪಿದ್ದಾತಾಯಿಯ ಮನೆಗೆ ಊಟಕ್ಕೆ ಹೋಗಬೇಕು.

ಮೇ ೧೦, ಭಾನುವಾರ, ಬೆಳಗಿನ ಜಾವ

ನಾಲ್ಕು ಗಂಟೆ. ಎದ್ದಿದ್ದೇನೆ. ಡಬ್ಬಿ ಮಂಡಿಗಳ ನಡುವೆ ಇದೆ. ನಿನ್ಫಾ ಮಲಗಿದ್ದಾಳೆ. ಎರಡು ಸಾಲು ಬರೆದು ಹೋಗುತ್ತೇನೆ, ಇಲ್ಲದಿದ್ದರೆ ಎದೆಯೊಳಗಿನದು ಇಳಿಯುವುದಿಲ್ಲ.

ರಾತ್ರಿಯ ಊಟದ ವಿಷಯ. ಓಟದ ಹಿಂದಿನ ದಿನ ಆ ಮನೆಯಲ್ಲಿ ಇಬ್ಬರು ಚಾಲಕರೂ ಒಂದೇ ತಟ್ಟೆಯಲ್ಲಿ ಉಣ್ಣಬೇಕು. ಪಿದ್ದಾತಾಯಿಯ ಗಂಡ ಓಡಿಸುತ್ತಿದ್ದ ಕಾಲದಿಂದಲೂ ಹಾಗೆ. ಒಂದು ದೊಡ್ಡ ಮಣ್ಣಿನ ತಟ್ಟೆ, ಅದರಲ್ಲಿ ಮೀನು, ಒಣದ್ರಾಕ್ಷಿ ಹಾಕಿದ ಪಾಸ್ತಾ. ಎರಡನೇ ಚಾಲಕ ರೊಟ್ಟಿ ಮುರಿದು ಅರ್ಧ ಮೊದಲನೆಯವನಿಗೆ ಕೊಡಬೇಕು. ನಾಲ್ಕು ವರ್ಷ ಆ ರೊಟ್ಟಿ ಮುರಿದದ್ದು ಈ ಕೈ. ನಾನು ಹೋದಾಗ ತಟ್ಟೆ ಮೇಜಿನ ನಡುವೆ ಇತ್ತು, ಎರಡು ಕುರ್ಚಿ ಹತ್ತಿರ ಹತ್ತಿರ ಹಾಕಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದರೂ ಕಾಲು ಆ ಕುರ್ಚಿಯ ಕಡೆಗೇ ಹೋಯಿತು. ಕೈ ಕುರ್ಚಿಯ ಬೆನ್ನಿನ ಮೇಲೆ ಕೂಡ ಇಟ್ಟೆ.

"ಅಲ್ಲಲ್ಲ ಲಿಲ್ಲೊ, ನೀನು ಈ ಕಡೆ ಬಾ, ಮಕ್ಕಳ ಹತ್ರ," ಅಂದಳು ಪಿದ್ದಾತಾಯಿ.

ಮಕ್ಕಳ ಹತ್ತಿರ. ನನಗೆ ಮೂವತ್ತೊಂಬತ್ತು ವರ್ಷ.

ಆ ಹುಡುಗನಿಗೆ ರೊಟ್ಟಿ ಮುರಿಯಲೂ ಬರಲಿಲ್ಲ. ಚಾಕು ಕೇಳಿದ. ಎಲ್ಲರೂ ಓಹೋ ಅಂದರು, ಚಾಕು ಹಾಕಿದರೆ ಅಪಶಕುನ. ನೋಫ್ರಿಯೊ ಅವನ ಕೈಯ ಮೇಲೆ ತನ್ನ ಕೈ ಇಟ್ಟು, ಹೀಗೆ, ಹೀಗೆ ಅಂತ ಮುರಿಸಿದ. ಮಗುವಿಗೆ ಅಕ್ಷರ ತಿದ್ದಿಸಿದ ಹಾಗೆ. ನನಗೆ ಯಾರೂ ಕೈ ಹಿಡಿದು ಮುರಿಸಿರಲಿಲ್ಲ, ನಾನಾಗಿಯೇ ಮುರಿದೆ, ಸರಿಯಾಗಿಯೇ ಮುರಿದೆ. ಸರಿಯಾಗಿ ಮುರಿದವನ ಕೈಯನ್ನು ಯಾರೂ ಹಿಡಿಯುವುದಿಲ್ಲ.

ಆಮೇಲೆ ಕೊರಾದಿನೊ ನನ್ನ ಹತ್ತಿರ ಬಂದ. ತನ್ನ ಪಾಲಿನ ರೊಟ್ಟಿಯಲ್ಲಿ ಒಂದು ತುಂಡು ಮುರಿದು ನನಗೆ ಕೊಟ್ಟ. "ಮಾಸ್ತ್ರು, ನಾಳೆ ಓಡಿಸೋದು ಇಬ್ಬರಲ್ಲ, ಮೂವರು," ಅಂದ. ತುಂಡನ್ನು ಜೇಬಿಗೆ ಹಾಕಿಕೊಂಡೆ. ಮನೆಗೆ ಬಂದು ಕೋಳಿಗಳಿಗೆ ಹಾಕಿದೆ. ಯಾರ ಎದುರು ದೊಡ್ಡತನ ತೋರಿಸುತ್ತಾನೆ? ನನ್ನ ಪಾಲನ್ನು ಕಿತ್ತುಕೊಂಡು ಅದರಲ್ಲೇ ಒಂದು ಚೂರು ನನಗೇ ಭಿಕ್ಷೆ.

ನಾಲ್ಕೂ ಮುಕ್ಕಾಲು ಆಗಿದೆಯಂತೆ, ಚರ್ಚಿನ ಗಡಿಯಾರ ಹೇಳಿತು. ಇಷ್ಟು ಬೇಗ ಹೇಗಾಯಿತು. ಈಗ ಹೊರಟರೂ ಸರಿಹೋಗುತ್ತದೆ.

ನೋಫ್ರಿಯೊನಿಗೆ ಅಲ್ಲಿ ಗುರುತು ಬೇಕಿಲ್ಲ, ಅವನು ಗೂಡಿನ ಹಿಂದಿನ ಸೈಪ್ರಸ್ ಮರ ನೋಡಿ ಬ್ರೇಕು ಹಾಕುತ್ತಾನೆ. ಹುಡುಗ ಮೊನ್ನೆ ಅಭ್ಯಾಸದಲ್ಲಿ ಎರಡು ಸಲ ಆ ತಿರುವು ದಾಟಿದ್ದಾನೆ, ಬಸ್ಸಿನಲ್ಲಿ ಬೇರೆ ಬಂದಿದ್ದಾನೆ, ಪುಸ್ತಕದಲ್ಲಿ ಗೀಟು ಬೇರೆ. ಗೊತ್ತಿರದೇ ಇರುತ್ತದೆಯೇ? ನನಗೆ ಯಾರು ಗುರುತು ಹಾಕಿಕೊಟ್ಟಿದ್ದರು? ಅಲ್ಲಿ ಒಂದು ಸಲ ಅವನು ಹೆದರಬೇಕು. ಒಂದು ಸಲ. ಇಳಿದು ಬಂದು, ನೋಫ್ರಿಯೊ ಅಣ್ಣ, ನನ್ನ ಕೈಲಾಗಲ್ಲ ಅನ್ನಬೇಕು. ಕೊನೆಯ ಸುತ್ತುಗಳಿಗೆ ಎರಡನೇ ಚಾಲಕ ಬೇಕಾದರೆ ಇಡೀ ಊರಿನಲ್ಲಿ ಓಟದ ಲೈಸೆನ್ಸು ಇರುವವನು ಇನ್ನೊಬ್ಬನೇ.

ಇದನ್ನು ಬರೆಯಬಾರದಿತ್ತು. ಹೋಗುತ್ತೇನೆ. ಬೂಟು ಹಾಕಿಕೊಂಡೆ. ಒಂದರ ದಾರ ತುಂಡಾಗಿದೆ, ಗಂಟು ಹಾಕಬೇಕು.

ಐದು ಹೊಡೆಯಿತು.

ಮೇ ೧೦, ಸಂಜೆ

ಕೊರಾದಿನೊ ಸತ್ತ.

ಬರೆಯುತ್ತೇನೆ, ಕ್ರಮವಾಗಿ ಬರೆಯುತ್ತೇನೆ.

ಮೊದಲ ನಾಲ್ಕು ಸುತ್ತು ನೋಫ್ರಿಯೊ. ನಾಲ್ಕು ಸಲವೂ ಕಾರಂಜಿ ದಾಟಿ ಕೆಳಗಿಳಿದ, ನಾಲ್ಕು ಸಲವೂ ಗುಡ್ಡದಾಚೆ ಕಾರಿನ ಸದ್ದು ಮತ್ತೆ ಮೇಲೆ ಬಂತು. ಪ್ರತಿ ಸಲವೂ ಆ ಸದ್ದು ಬರುವವರೆಗೆ ಉಸಿರು ಬಿಡಲಿಲ್ಲ. ನೋಡಿದೆಯಾ, ಗುರುತಿಲ್ಲದೆಯೂ ಆಗುತ್ತದೆ ಅಂದುಕೊಂಡೆ. ನಮ್ಮ ವರ್ಗದಲ್ಲಿ ನಾವೇ ಮುಂದು, ನಲವತ್ತು ಸೆಕೆಂಡು.

ಐದನೇ ಸುತ್ತಿಗೆ ಹುಡುಗ ಕೂತಿದ್ದಾನೆ ಅಂತ ಧ್ವನಿವರ್ಧಕದಲ್ಲಿ ಕೇಳಿತು. ಕಾರಂಜಿಯಿಂದ ತಿರುವಿಗೆ ಎರಡು ಕಿಲೋಮೀಟರು, ರಸ್ತೆಗೆ ಕಾಲಿಟ್ಟರೆ ಪೊಲೀಸರು ಹಿಡಿಯುತ್ತಾರೆ. ಹಲಗೆಯಲ್ಲಿದ್ದ ನಲವತ್ತು ಅಳಿಸಿದೆ. ದೊಡ್ಡ ಅಕ್ಷರದಲ್ಲಿ ಮದೊನ್ನಾ ಅಂತ ಬರೆದೆ. ಅದರ ಕೆಳಗೆ ನಿಧಾನ ಅಂತ ಬರೆಯಬೇಕಿತ್ತು.

ಪಕ್ಕದಲ್ಲಿದ್ದ ಜಾಕಿನೊ ಓದಿದ. "ಏನೋ ಇದು ಲಿಲ್ಲೊ, ಹುಡುಗನಿಗೆ ಸೆಕೆಂಡು ತೋರ್ಸೋ ಅಂದ್ರೆ ಪ್ರಾರ್ಥನೆ ತೋರಿಸ್ತಿದ್ದೀಯಾ? ಕಾರು ಓಡಿಸದೇ ಇದ್ರೂ ನಿನ್ನ ಪುಕ್ಕಲು ಬಿಡ್ಲಿಲ್ವಾ?" ಸುತ್ತ ಇದ್ದವರೆಲ್ಲ ಹೋ ಎಂದು ನಕ್ಕರು. ಯಾಕೆ ಅಂತ ಕೇಳಿದರೆ ಏನು ಹೇಳಲಿ? ಗುರುತು ಇಲ್ಲ ಅನ್ನಬೇಕು. ಯಾಕಿಲ್ಲ ಅನ್ನುತ್ತಾರೆ. ತೋಳಿನಿಂದ ಒರೆಸಿದೆ. ನಲವತ್ತು ಅಂತ ಬರೆದು ಎತ್ತಿ ಹಿಡಿದೆ.

ಅವನು ಬಂದ. ಹಲಗೆ ನೋಡಿದ. ಸ್ಟೇರಿಂಗಿನಿಂದ ಒಂದು ಕೈ ತೆಗೆದು ನನಗೆ ಎತ್ತಿ ತೋರಿಸಿ ಹೋದ.

ಆಮೇಲೆ ಸದ್ದು ಮೇಲೆ ಬರಲಿಲ್ಲ.

ಮಧ್ಯಾಹ್ನ ನೋಫ್ರಿಯೊ ನನ್ನ ಮನೆಗೆ ಬಂದ, ಹೆಲ್ಮೆಟ್ಟು ಇನ್ನೂ ಕೈಯಲ್ಲೇ ಇತ್ತು. ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತ. "ನೀನಿದ್ದಿದ್ರೆ ನಿಧಾನಕ್ಕೆ ಹೋಗ್ತಿದ್ದೆ, ಬದುಕಿರ್ತಿದ್ದೆ. ನಿನ್ನನ್ನ ಬಿಟ್ಟಿದ್ದಕ್ಕೆ ದೇವರು ನನಗೆ ತೋರಿಸಿದ. ಇನ್ನು ಓಡಿಸಿದ್ರೆ ನಾವಿಬ್ರೇ ಕುಂಪಾ, ನಾವಿಬ್ರೇ," ಅಂದ. ನಾನೂ ಅತ್ತೆ. ಅಳುತ್ತಲೇ ಎದೆಯೊಳಗೆ ಏನೋ ಒಂದು, ಹೇಗೆ ಬರೆಯಲಿ, ಹಕ್ಕಿಯ ಹಾಗೆ ಕುಪ್ಪಳಿಸಿತು.

ಅವನು ಹೋದ ಮೇಲೆ ನಿನ್ಫಾ ಕೇಳಿದಳು. "ಬೆಳಿಗ್ಗೆ ಹೋಗಿ ಬಳಿದೆ ತಾನೆ?"

"ಬಳಿದೆ," ಅಂದೆ.

ಅವಳು ಶಿಲುಬೆಯ ಗುರುತು ಮಾಡಿಕೊಂಡಳು. "ಸದ್ಯ. ಇಲ್ದಿದ್ರೆ ನನ್ನ ಸುಣ್ಣಾನೇ ಆ ಮಗೂನ ತಿಂದ ಹಾಗೆ ಆಗ್ತಿತ್ತು."

ಮೇ ೧೧, ಸೋಮವಾರ

ಬೆಳಕು ಹರಿಯುವ ಮುಂಚೆ ಹೋದೆ. ಈ ಸಲ ಬೂಟಿನ ದಾರಕ್ಕೆ ಕಾಯಲಿಲ್ಲ. ನಿನ್ನೆ ಎಲ್ಲರೂ ಕೆಳಗಿನ ಹಳ್ಳವನ್ನೇ ನೋಡುತ್ತಿದ್ದರು, ಮೇಲೆ ಗೋಡೆಯ ಕಡೆ ಯಾರೂ ತಲೆ ತಿರುಗಿಸಿರಲಿಲ್ಲ. ಸುಣ್ಣದ ಮೇಲೆ ಅಂಗೈಯಷ್ಟು ನೀಲಿ ಹಾಕಿದೆ. ಎಪ್ಪತ್ತು ಹೆಜ್ಜೆ, ಎರಡು ಸಲ ಎಣಿಸಿದೆ. ನಿನ್ಫಾಳಿಗೋಸ್ಕರ ಹಾಕಿದೆ. ಅವಳು ಆ ದಾರಿಯಲ್ಲಿ ಹೋದಾಗ ನೋಡಬೇಕಲ್ಲ.

ಹತ್ತು ಗಂಟೆಗೆ ಠಾಣೆಯ ಅಧಿಕಾರಿ ಬಂದ, ನೋಫ್ರಿಯೊನನ್ನೂ ನನ್ನನ್ನೂ ಕರೆದುಕೊಂಡು ಹೋದ. ಟೈರು ಉಜ್ಜಿದ ಕಪ್ಪು ಗೆರೆ ಗೂಡಿನ ಎದುರಿಗೇ ಶುರುವಾಗುತ್ತದೆ, ಅದಕ್ಕೆ ಮುಂಚೆ ಇಲ್ಲ.

"ಇಷ್ಟು ತಡವಾಗಿ ಯಾಕೆ ಬ್ರೇಕು ಹಾಕಿದ? ನಿಮ್ಮೋರ ಗುರುತು ಇರ್ಲಿಲ್ವಾ?" ಅಂದ ಅಧಿಕಾರಿ.

ನಾನು ಬೆರಳು ಮಾಡಿ ತೋರಿಸಿದೆ.

"ನಾಲ್ಕು ಸಲ ಹೋದೆ, ನಾನು ನೋಡ್ಲೇ ಇಲ್ಲ. ನಾನು ಮರ ನೋಡೋನು," ಅಂದ ನೋಫ್ರಿಯೊ. ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ. ನಡೆದು ಬಂದು ಆ ಗಿಡ್ಡ ಗೋಡೆಗೆ ಕೈ ಊರಿದ. ನನ್ನ ನೀಲಿಯ ಮೇಲೆಯೇ.

ಎಣ್ಣೆ ಬಣ್ಣ ಒಣಗುವುದಕ್ಕೆ ಒಂದು ದಿನ ಬೇಕು.

ಅವನು ಕೈ ತೆಗೆದ. ಅಂಗೈ ನೋಡಿದ. ಐದು ಬೆರಳೂ ನೀಲಿ. ತುಂಬ ಹೊತ್ತು ನೋಡಿದ, ಓದಲು ಬಾರದವನು ಕಾಗದ ನೋಡುವ ಹಾಗೆ. ಆಮೇಲೆ ನನ್ನನ್ನು ನೋಡಿದ. ಅಧಿಕಾರಿ ಕೆಳಗೆ ಟೇಪು ಹಿಡಿದು ಬಗ್ಗಿದ್ದ. ಅಲ್ಲಿಂದಲೇ ಕೂಗಿದ, "ಏನು, ಗುರುತು ಇತ್ತೋ ಇಲ್ಲವೋ? ಬರ್ಕೋಬೇಕು."

ನೋಫ್ರಿಯೊ ಕೈಯನ್ನು ಜೇಬಿಗೆ ಹಾಕಿಕೊಂಡ.

"ಇತ್ತು," ಅಂದ.

ನನ್ನನ್ನು ಉಳಿಸಿದ. ಹಾಗಂತ ಮನೆಗೆ ಬರುವವರೆಗೂ ಹೇಳಿಕೊಂಡೆ. ಕುಂಪಾ ನನ್ನನ್ನು ಉಳಿಸಿದ. ಪ್ರೀತಿ ಇಲ್ಲದೆ ಹಾಗೆ ಉಳಿಸುತ್ತಾರೆಯೇ?

ಮೇ ೧೩, ಬುಧವಾರ

ಪಲೆರ್ಮೊದಲ್ಲಿ ಅಂತ್ಯಕ್ರಿಯೆ. ಶವಪೆಟ್ಟಿಗೆಯ ಮುಂದಿನ ತುದಿಯನ್ನು ನೋಫ್ರಿಯೊ ಹೊತ್ತಿದ್ದ. ನಾನು ಹೆಗಲು ಕೊಡಲು ಹೋದೆ. ಜಾಗ ಭರ್ತಿಯಾಗಿದೆ ಅಂದರು. ಆ ಹುಡುಗನ ಅಪ್ಪ ನೋಫ್ರಿಯೊನನ್ನು ತಬ್ಬಿಕೊಂಡು ನಿಂತುಬಿಟ್ಟ, ಬಿಡಿಸಲು ಆಗಲಿಲ್ಲ. ಸತ್ತ ಮೇಲೂ ಆ ಮನೆಯವರಿಗೇ ನೋಫ್ರಿಯೊ ಬೇಕು.

ಹಳದಿ ಬೂಟು ಪೆಟ್ಟಿಗೆಯ ಮೇಲೆ ಇಟ್ಟಿದ್ದರು. ಒಂದೇ ಇತ್ತು.

ಮೇ ೧೭, ಭಾನುವಾರ

ದೋನ್ ಕಾರ್ಮೆಲೊ ಹತ್ತಿರ ಹೋದೆ. ಮಂಡಿಯೂರಿದೆ. ಅವರು ಜಾಲರಿಯಾಚೆಯಿಂದ ನಿಟ್ಟುಸಿರು ಬಿಟ್ಟು, "ಲಿಲ್ಲೊ? ಚಿಂತೆಯೋ, ಪಾಪವೋ?" ಅಂತ ಕೇಳಿದರು.

ಹಿಂದೆ ಮುದುಕಿಯರು ಕಾಯುತ್ತಿದ್ದರು.

"ಚಿಂತೆ ಪಾದ್ರಿಗಳೇ."

"ಹಾಗಾದ್ರೆ ಪುಸ್ತಕದಲ್ಲಿ ಬರಿ ಮಗು, ಹೋಗು."

ಅದಕ್ಕೇ ಬರೆಯುತ್ತಿದ್ದೇನೆ. ಆದರೆ ಬರೆಯಲು ಕೂತರೆ ಚಿಂತೆ ಯಾವುದೂ ನೆನಪಿಗೆ ಬರುತ್ತಿಲ್ಲ. ಬ್ರೇಕು ಹೇಗಿದೆಯೋ ನೋಡಿಯೇ ಇಲ್ಲ ಈ ವಾರ. ನಿನ್ಫಾ ಕೆಮ್ಮುತ್ತಿದ್ದಾಳೆ.

ಮೇ ೨೫, ಸೋಮವಾರ

ಇವತ್ತು ನೋಫ್ರಿಯೊ ಬಸ್ಸಿಗೆ ಬಂದ.

ಚೌಕದಲ್ಲಿ ನಿಂತಿದ್ದನ್ನು ದೂರದಿಂದಲೇ ಕಂಡೆ. ಬಸ್ಸು ಸರಿಯಾಗಿ ಅವನ ಮುಂದೆಯೇ ನಿಲ್ಲುವ ಹಾಗೆ ನಿಲ್ಲಿಸಿದೆ. ಬಾಗಿಲ ಹತ್ತಿರದ ಸೀಟಿನ ಮೇಲೆ ಒಬ್ಬ ಬುಟ್ಟಿ ಇಟ್ಟಿದ್ದ, ಅದನ್ನು ಮೊದಲೇ ತೆಗೆಸಿ ಬಟ್ಟೆಯಿಂದ ಒರೆಸಿದ್ದೆ. ಏನು ಹೇಳಬೇಕು ಅಂತ ಎರಡು ವಾರದಿಂದ ಯೋಚಿಸಿಟ್ಟಿದ್ದೆ. ಬಾ ಕುಂಪಾ, ಅರ್ಧ ಎಂಜಿನ್ನು ಇಲ್ಲದೆ ಬಸ್ಸು ಏರು ಹತ್ತುತ್ತಿಲ್ಲ. ಇದೇ ಮಾತು. ಚೆನ್ನಾಗಿತ್ತು. ಬಾಯಿ ತೆರೆದೆ.

ಅವನು ನಾಣ್ಯ ಮುಂದೆ ಹಿಡಿದ. ಉಜ್ಜಿ ಉಜ್ಜಿ ತೊಳೆದ ಕೈ, ಆದರೂ ಹಸ್ತರೇಖೆಗಳಲ್ಲಿ ನೀಲಿ ಉಳಿದಿತ್ತು.

"ಒಂದು ಟಿಕೆಟ್ ಕೊಡಿ," ಅಂದ.

ಹರಿದು ಕೊಟ್ಟೆ. ಚಿಲ್ಲರೆ ಕೊಟ್ಟೆ. ಅವನು ತೆಗೆದುಕೊಂಡು, ಆ ಸೀಟು ದಾಟಿ, ಹಿಂದೆ ಹೋದ.

ಮದೊನ್ನಾ ತಿರುವಿನಲ್ಲಿ ಜನರೆಲ್ಲ ಎಡಗಡೆ ತಿರುಗಿ ಶಿಲುಬೆಯ ಗುರುತು ಮಾಡಿಕೊಂಡರು. ಆ ಗೋಡೆಯ ಮೇಲೆ ಈಗ ಹೂವು ಇಡುತ್ತಾರೆ, ನೀಲಿಯ ಕೆಳಗೆ. ನಾನು ರಸ್ತೆ ನೋಡಲಿಲ್ಲ, ಮೇಲಿನ ಕನ್ನಡಿ ನೋಡುತ್ತಿದ್ದೆ. ಬಸ್ಸಿಗೆ ತಿರುವು ತಾನಾಗಿಯೇ ಗೊತ್ತು.

ಅವನು ಮೊಟ್ಟೆಯ ಸಾಂತಾಳ ಪಕ್ಕ ಕೂತಿದ್ದ. ಅವಳು ಏನೋ ಹೇಳಿದಳು. ಇವನು ಅವಳ ಬುಟ್ಟಿಯನ್ನು ತನ್ನ ಮಡಿಲಿಗೆ ತೆಗೆದುಕೊಂಡು, ತಲೆ ಬಗ್ಗಿಸಿ, ತುಂಬ ಹೊತ್ತು ಮಾತಾಡಿದ. ಒಂದು ಸಲ ನಕ್ಕ ಕೂಡ.

ಆ ಸಾಂತಾ. ಸುಣ್ಣದ ಬ್ರಷ್ಷು ಎಳೆದವಳು ಅವಳೇ ಅಲ್ಲವೇ. ಅವಳ ಹತ್ತಿರ ಅಷ್ಟು ಹೊತ್ತು ಮಾತಾಡುವಂಥದ್ದು ಏನಿದೆ ಅವನಿಗೆ?